ಹ್ಯಾಂಗಾಗೈತೆ?

ನಮ್ಮ ಅತ್ತೆ ಜಗಳೂರು ಕಡೆಯವರು. ಜಗಳೂರು ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರವರೆಗೆ ನಮ್ಮ ಚಿತ್ರದುರ್ಗದ್ದೇ ತಾಲ್ಲೂಕು. ಅವರ ಬಾಯಲ್ಲಿ ‘ಹೇಗೆ’ ಎನ್ನುವುದು ‘ಹ್ಯಾಂಗೆ’. 2005ರ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಮಗನಿಗೂ ಅವರಿಗೂ ನಡೆದ ಮಾತುಕತೆ ಇದು.

“ಅಜ್ಜಿ, ಕಂಪ್ಯೂಟರ್ ಹ್ಯಾಂಗ್ ಆಗೈತೆ.”

“ಹ್ಯಾಂಗಾಗೈತೆ?”

“ಅದೇ ಅಜ್ಜಿ, ಹ್ಯಾಂಗ್ ಆಗೈತೆ.”

“ಅಲ್ಲೋ, ಹ್ಯಾಂಗಾಗೈತೆ ಅಂತ್ಲೇ ನಾನೂ ಕೇಳ್ತಿರೋದು!”

ಮನೆಮಂದಿಯೆಲ್ಲ ನಕ್ಕೆವು. ಆದರೆ ರಾತ್ರಿ ಪಾತ್ರೆ ತೊಳೆಯುತ್ತಾ ನನಗೆ ಅನ್ನಿಸಿತು: ಆ ಯಂತ್ರದ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ಅತ್ತೆ ಒಬ್ಬರೇ. ಉಳಿದವರೆಲ್ಲ ‘ಹ್ಯಾಂಗ್ ಆಯಿತು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಮಳೆ ಬಂತು, ಕರೆಂಟು ಹೋಯಿತು ಎಂದ ಹಾಗೆ.

ಈ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಮನೆಯ ಕಂಪ್ಯೂಟರಿನಿಂದಲ್ಲ, ಪಹಣಿಯಿಂದ. ಶ್ಯಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಜಮೀನಿನ ದಾಖಲೆಗಳನ್ನು ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಗಣಕಯಂತ್ರಕ್ಕೆ ಹಾಕಿಸಿತು. 2000ದಿಂದ 2002ರೊಳಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಹೀಗೆ ಕೈಬರಹದಿಂದ ಅಚ್ಚಿಗೆ ಬಂದವು. ಆ ದಿನಗಳಲ್ಲಿ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪ್ರತಿ ಸಿಗುತ್ತಿತ್ತೆಂದರೆ ರೈತರಿಗೆ ಅದು ಸಣ್ಣ ಮಾತಾಗಿರಲಿಲ್ಲ. ಆಗ ನಾನು ಹೊಸದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹೊಲದ ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳು ಕಚೇರಿಯ ಮುಂದಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತು, “ಒಳಗೆ ಹ್ಯಾಂಗ್ ಆಗೈತಂತೆ, ಊಟ ಮಾಡ್ಕಂಡು ಹೋಗಾನ” ಎಂದು ಹೇಳುವುದನ್ನು ಬಸ್ಸಿಗೆ ಕಾಯುತ್ತಾ ಕೇಳಿದ್ದೇನೆ. ಇಂಗ್ಲಿಷಿನ ಗಂಧ ಇಲ್ಲದವರ ಬಾಯಲ್ಲೂ ಆ ಶಬ್ದ ಎಷ್ಟು ಸಲೀಸಾಗಿ ಹೊರಳುತ್ತಿತ್ತು!

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2003ರಲ್ಲಿ, ಸೊಸೈಟಿ ಸಾಲದ ಮೇಲೆ. ಮಕ್ಕಳ ಓದಿಗೆ ಎಂದು ತಂದದ್ದು. ಅದನ್ನು ಹೆಚ್ಚು ಬಳಸಿದವಳು ನಾನು. ಕನ್ನಡದಲ್ಲಿ ಟೈಪು ಮಾಡುವ ಸುಖವೇ ಅದಕ್ಕೆ ಕಾರಣ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೆ ಹೊಂದಿಸಿದ ಕೀಲಿಮಣೆಯ ಕ್ರಮ ಎಷ್ಟು ಸರಳವೆಂದರೆ, ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತಾಕ್ಷರ ತಾನೇ ಮೂಡುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇದ್ದದ್ದೂ ಆ ಕ್ರಮವೇ. ಹದಿನೈದು ದಿನದಲ್ಲಿ ನನ್ನ ಬೆರಳು ಪಳಗಿತು.

2004ರ ಬೇಸಿಗೆ ರಜೆಯಲ್ಲಿ ಹಿರಿಯೂರಿನಿಂದ ಅಮ್ಮ ಬಂದು ಎರಡು ತಿಂಗಳು ಇದ್ದರು. ಅಮ್ಮ ಓದಿದವರಲ್ಲ. ಆದರೆ ಬೀಸುವ ಪದ, ಸೋಬಾನೆ ಪದ, ತೇರುಮಲ್ಲೇಶ್ವರನ ಮೇಲಿನ ಪದ ಎಂದು ಅವರಲ್ಲಿದ್ದದ್ದು ಒಂದು ಕಣಜ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲು ಹೇಳುವುದು, ನಾನು ಟೈಪು ಮಾಡುವುದು. ಪರದೆಯ ಮೇಲೆ ಅಕ್ಷರ ಮೂಡಿದಂತೆಲ್ಲ, “ಇದ್ರಾಗೆ ನಾನು ಹೇಳಿದ್ದು ಎಲ್ಲೈತವ್ವಾ, ಬೆರಳಿಟ್ಟು ತೋರ್ಸು” ಎನ್ನುತ್ತಿದ್ದರು. ಒಟ್ಟು ನಲವತ್ತೆರಡು ಪದಗಳಾದವು. ಒಂದು ಫ್ಲಾಪಿಗೂ ಹಾಕಿಟ್ಟೆ. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅಮ್ಮ ತೀರಿಕೊಂಡರು. ಮಾರ್ಚಿನಲ್ಲಿ ಫ್ಲಾಪಿ ತೆಗೆದು ನೋಡಿದರೆ ಬೂಷ್ಟು ಹಿಡಿದಿತ್ತು. ಏಪ್ರಿಲಿನಿಂದ ಕಂಪ್ಯೂಟರ್ ಹ್ಯಾಂಗ್ ಆಗತೊಡಗಿತು.

ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ. ಬಾಣದ ಗುರುತು ಇದ್ದಲ್ಲೇ ನಿಲ್ಲುವುದು. ಕೀಲಿ ಒತ್ತಿದರೂ ಇಲ್ಲ, ಬೇಡಿದರೂ ಇಲ್ಲ. ದುರ್ಗದ ಒಂದು ಅಂಗಡಿಗೆ ಆಟೋದಲ್ಲಿ ಹೊತ್ತು ಹಾಕಿಸಿದೆವು. ಆ ಹುಡುಗ ಮುಚ್ಚಳವನ್ನೂ ತೆಗೆಯದೆ, “ವೈರಸ್ ಮೇಡಂ, ಫಾರ್ಮ್ಯಾಟ್ ಹೊಡೆದುಬಿಡೋಣ” ಎಂದ. ಫಾರ್ಮ್ಯಾಟ್ ಎಂದರೆ ಸ್ಲೇಟನ್ನು ಒದ್ದೆಬಟ್ಟೆಯಿಂದ ಒರೆಸಿದ ಹಾಗೆ. ಬರೆದದ್ದೆಲ್ಲ ಹೋಯಿತು. ಅದರೊಳಗೆ ನನ್ನ ಅಮ್ಮನ ಪದಗಳಿವೆ ಎಂದರೆ, “ಸಾಂಗ್ಸ್ ಬೇಕಾದ್ರೆ ಸೀಡಿ ಕೊಡ್ತೀನಿ” ಎಂದ ಪುಣ್ಯಾತ್ಮ. ನಾನು ಅದನ್ನು ಅದೇ ಆಟೋದಲ್ಲಿ ಮನೆಗೆ ವಾಪಸು ತಂದೆ.

ಮನೆಯವರಿಗೆ ಇಷ್ಟವಿರಲಿಲ್ಲ. “ಕರೆಂಟಿನ ಸಾಮಾನು, ನೀನು ಕೈ ಹಾಕಬೇಡ” ಎಂದರು. ನೀವೇ ಹೇಳಿ, ಮಿಕ್ಸಿಯ ಕಾರ್ಬನ್ ಬದಲಾಯಿಸಿದ, ಕುಕ್ಕರಿನ ವಾಲ್ವು ಹಾಕಿದ, ಹೊಲಿಗೆ ಯಂತ್ರವನ್ನು ಮೂವತ್ತು ಸಲ ಬಿಚ್ಚಿ ಎಣ್ಣೆ ಬಿಟ್ಟ ಕೈ ಯಾವುದು? ಹೊಲಿಯುವಾಗ ದಾರ ತುಂಡಾದರೆ ನಾವು ಯಂತ್ರವನ್ನೇ ಎಸೆಯುವುದಿಲ್ಲ. ಮೊದಲು ಸೂಜಿ ನೋಡುತ್ತೇವೆ, ಆಮೇಲೆ ದಾರ, ಆಮೇಲೆ ಬಿಗಿ, ಕೊನೆಗೆ ಬಾಬಿನ್. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಮುಟ್ಟಿದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದೇ ಇಲ್ಲ.

ಈ ಪೆಟ್ಟಿಗೆ ಹೆಂಗಸರ ಕೆಲಸವಲ್ಲ ಎನ್ನುವವರಿಗೆ ಅದರ ಚರಿತ್ರೆ ತಿಳಿಯದು. ಸಮಾಜಶಾಸ್ತ್ರ ಪಾಠ ಮಾಡುವ ನಾನು ಆಮೇಲೆ ಅದನ್ನು ಹುಡುಕಿ ಓದಿದೆ. ‘ಕಂಪ್ಯೂಟರ್’ ಎನ್ನುವುದು ಮೊದಲು ಯಂತ್ರದ ಹೆಸರೇ ಅಲ್ಲ. ಕುಳಿತು ಲೆಕ್ಕ ಮಾಡುವ ಮನುಷ್ಯರ ಹುದ್ದೆಯ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆಂಬ ಲೆಕ್ಕಗಳನ್ನು ಹತ್ತಾರು ಹೆಣ್ಣುಮಕ್ಕಳು ಕೈಯಲ್ಲೇ ಮಾಡುತ್ತಿದ್ದರು. ಆ ಲೆಕ್ಕವನ್ನು ಬೇಗ ಮುಗಿಸಲೆಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು ‘ಎನಿಯಾಕ್’. 30 ಟನ್ ತೂಕ, ಸುಮಾರು 18,000 ವಾಲ್ವುಗಳು. ನಮ್ಮ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವೇ.

ಅದನ್ನು ನಡೆಸಲು ಆರಿಸಿದ್ದು ಆರು ಹೆಣ್ಣುಮಕ್ಕಳನ್ನು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಅವರಿಗೆ ಪಠ್ಯಪುಸ್ತಕವಿರಲಿಲ್ಲ. ಮೊದಮೊದಲು ಯಂತ್ರವಿದ್ದ ಕೋಣೆಗೆ ಬಿಡುತ್ತಲೂ ಇರಲಿಲ್ಲ; ಯುದ್ಧದ ಗುಟ್ಟು ನೋಡಿ. ನಕ್ಷೆಗಳನ್ನು ಹರಡಿಕೊಂಡೇ ಕಲಿತರು. ಎಷ್ಟು ಕಲಿತರೆಂದರೆ, ಯಂತ್ರ ಕೆಟ್ಟು ನಿಂತಾಗ ಆ 18,000ದಲ್ಲಿ ಯಾವ ವಾಲ್ವು ಸುಟ್ಟಿದೆ ಎಂಬಲ್ಲಿಯವರೆಗೆ ಹುಡುಕಿ ತೋರಿಸಬಲ್ಲವರಾದರು. 1946ರ ಫೆಬ್ರುವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದ ರಾತ್ರಿ ದೊಡ್ಡ ಔತಣ ನಡೆಯಿತು. ಆ ಆರು ಜನಕ್ಕೆ ಕರೆಯಿರಲಿಲ್ಲ. ಅವರನ್ನು ಗುರುತಿಸಿ ಗೌರವಿಸುವ ಹೊತ್ತಿಗೆ 1997 ಆಗಿತ್ತು. ಮದುವೆಮನೆಯಲ್ಲಿ ಅಡುಗೆ ಮಾಡಿದವಳು ಎಲ್ಲರದಾದ ಮೇಲೆ ಉಣ್ಣುವುದು ಅಮೆರಿಕದಲ್ಲೂ ಉಂಟು ಎಂದಾಯಿತು.

ಎನಿಯಾಕ್ ಕೆಡುತ್ತಿದ್ದದ್ದಾದರೂ ಏಕೆ? ಶಾಖದಿಂದ. ಆರಂಭದಲ್ಲಿ ದಿನಕ್ಕೆ ಹಲವಾರು ವಾಲ್ವುಗಳು ಸುಟ್ಟುಹೋಗುತ್ತಿದ್ದವು. ಅವು ಹೆಚ್ಚಾಗಿ ಸುಡುವುದು ಯಂತ್ರವನ್ನು ಹಚ್ಚಿದಾಗ ಇಲ್ಲವೇ ಆರಿಸಿದಾಗ, ಬಿಸಿ ಏರುವ ಇಳಿಯುವ ಹೊತ್ತಿನಲ್ಲಿ, ಎಂದು ಗಮನಿಸಿ ಅದನ್ನು ಆರಿಸುವುದನ್ನೇ ಬಿಟ್ಟರು. ನಮ್ಮ ದುರ್ಗದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ತೆಗೆಯುತ್ತಿದ್ದವರಿಗೆ ಈ ಸಂಗತಿ ಯಾರಾದರೂ ಹೇಳಬೇಕಿತ್ತು! ನಮ್ಮ ದೇಶದಲ್ಲೇ ಕಟ್ಟಿದ, 1962ರಲ್ಲಿ ನೆಹರೂ ಅವರು ಹೆಸರಿಟ್ಟ ಮುಂಬಯಿಯ ‘ಟಿಫ್ರಾಕ್’ ಗಣಕಯಂತ್ರವೂ ಸುಮಾರು 2,700 ವಾಲ್ವುಗಳದ್ದೇ. (ಬಿಸಿಯೂ ಆಗದೆ, ಹ್ಯಾಂಗೂ ಆಗದೆ ಲೆಕ್ಕ ಹೇಳಿದವರೆಂದರೆ ನಮ್ಮ ಬೆಂಗಳೂರಿನ ಶಕುಂತಲಾದೇವಿಯವರು. 1980ರ ಜೂನ್ 18ರಂದು ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು.)

ಹುಳುವಿನ ಕಥೆಯೂ ಒಂದಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಗಣಿತದ ಪ್ರಾಧ್ಯಾಪಕಿ ಗ್ರೇಸ್ ಹಾಪರ್ ಈ ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧಗೊಳಿಸಿದರು. ಯಂತ್ರದ ದೋಷಕ್ಕೆ ‘ಬಗ್’ ಎನ್ನುವುದು ಅದಕ್ಕೂ ಹಿಂದಿನ ಮಾತು. ಆದರೆ ಹುಳುವೇ ದೋಷವಾದದ್ದು ಆವತ್ತು. ನನ್ನ ಗಮನ ಸೆಳೆದದ್ದು ಹುಳುವಲ್ಲ, ಆ ದಿನಚರಿ ಪುಸ್ತಕ. ಯಾವ ಹೊತ್ತಿಗೆ ಏನು ಕೆಟ್ಟಿತು ಎಂದು ಬರೆದಿಡುತ್ತಿದ್ದರಲ್ಲ!

ನಾನು ಮೊದಲು ಮಾಡಿದ ಕೆಲಸವೂ ಅದೇ. ಹಾಜರಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಾರೀಖು, ಹೊತ್ತು, ಆಗ ಏನು ತೆರೆದಿದ್ದೆ, ಎಷ್ಟು ಹೊತ್ತು ನಡೆಯಿತು ಎಂದು ಬರೆಯತೊಡಗಿದೆ. ಮೂರು ವಾರದಲ್ಲಿ ಚಿತ್ರ ಮೂಡಿತು. ಬೆಳಿಗ್ಗೆ ಐದಕ್ಕೆ ಎದ್ದು ಕುಳಿತರೆ ಒಂದು ಗಂಟೆ ನಡೆಯುತ್ತದೆ. ಮಧ್ಯಾಹ್ನ ಹತ್ತೇ ನಿಮಿಷ. ನುಡಿ ತೆರೆದರೂ ನಿಲ್ಲುತ್ತದೆ, ಮಗನ ಆಟ ತೆರೆದರೂ ನಿಲ್ಲುತ್ತದೆ, ಏನೂ ತೆರೆಯದಿದ್ದರೂ ನಿಲ್ಲುತ್ತದೆ. ವೈರಸ್ಸಿಗೆ ಬಿಸಿಲು ನೆರಳೆಂಬ ಭೇದ ಇರುವುದಿಲ್ಲ.

ತಂತ್ರಾಂಶದ ತಪ್ಪಿನಿಂದ ಹ್ಯಾಂಗ್ ಆಗುವುದಿಲ್ಲವೆಂದಲ್ಲ. ವಿಂಡೋಸ್ 95, 98ರ ಕಾಲದಲ್ಲಿ ಒಂದು ಪ್ರೋಗ್ರಾಂ ಹಟ ಹಿಡಿದರೆ ಇಡೀ ಯಂತ್ರವೇ ಕೈಕಟ್ಟಿ ಕೂರುತ್ತಿತ್ತು. 1998ರ ಏಪ್ರಿಲಿನಲ್ಲಿ ಬಿಲ್ ಗೇಟ್ಸ್ ಅವರೆದುರೇ, ತುಂಬಿದ ಸಭೆಯಲ್ಲಿ ವಿಂಡೋಸ್ 98 ತೋರಿಸುವಾಗ ಪರದೆ ನೀಲಿಯಾಗಿ ನಿಂತುಬಿಟ್ಟಿತು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಒಂದರ ಹಟ ಇನ್ನೊಂದಕ್ಕೆ ತಟ್ಟುವುದು ಬಹಳ ಕಡಿಮೆಯಾಯಿತು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹಟಮಾರಿಯನ್ನಷ್ಟೇ ಹೊರಗೆ ಕಳಿಸಬಹುದು. 1981ರ ಐಬಿಎಂ ಕಂಪ್ಯೂಟರಿಗೆ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ಹೊಂದಿಸಿದ ಕೀಲಿಗಳು ಅವು. ನಮ್ಮ ಮನೆಯದು ಎಕ್ಸ್‌ಪಿ. ಆ ಮೂರು ಕೀಲಿಗೂ ಅದು ಮಿಸುಕುತ್ತಿರಲಿಲ್ಲ. ರೋಗ ಇನ್ನೂ ಕೆಳಗಿದೆ, ಯಂತ್ರದ ಮೈಯಲ್ಲೇ ಇದೆ ಎನ್ನುವುದಕ್ಕೆ ಅದು ಗುರುತು.

ಒಂದು ಭಾನುವಾರ ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ಇಲ್ಲೊಂದು ಮಾತು: ನೈಲಾನ್ ಸೀರೆ ಉಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಬಟ್ಟೆಯ ಉಜ್ಜಾಟದಿಂದ ಮೈಯಲ್ಲಿ ಹುಟ್ಟುವ ವಿದ್ಯುತ್ತು ಒಳಗಿನ ಸೂಕ್ಷ್ಮ ಭಾಗಗಳನ್ನು ಸುಡಬಲ್ಲದು. ಹತ್ತಿ ಸೀರೆ ಉಟ್ಟು, ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಆಮೇಲೆ ಕೈ ಹಾಕಬೇಕು. ಕರೆಂಟು ಒಳಬರುವ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಶಕ್ತಿ ಉಳಿದಿರುತ್ತದೆ.

ಒಳಗೆ ಕಂಡದ್ದು ಕೆಂಪು ಧೂಳು. ಆಗ ನನ್ನ ಶಾಲೆ ಹೊಳಲ್ಕೆರೆಗೆ ಬದಲಾಗಿತ್ತು. ಕಬ್ಬಿಣದ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳವು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸುವವರೆಗೂ ರಸ್ತೆ ಬದಿಯ ಗಿಡಗಳ ಎಲೆ ಹಸಿರಾಗಿರಲಿಲ್ಲ. ನನ್ನ ಸೀರೆಯ ಅಂಚಿನಲ್ಲಿ, ಮನೆಯವರ ಸ್ಕೂಟರಿನಲ್ಲಿ ಬರುತ್ತಿದ್ದ ಅದೇ ಧೂಳನ್ನು ಕಂಪ್ಯೂಟರಿನ ಫ್ಯಾನು ಎರಡು ವರ್ಷ ಒಳಕ್ಕೆ ಎಳೆದುಕೊಂಡಿತ್ತು. ಪ್ರೊಸೆಸರಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಅಲ್ಯೂಮಿನಿಯಂ ತಗಡುಗಳಿರುತ್ತವೆ. ಅದರ ಶಾಖವನ್ನು ಗಾಳಿಗೆ ಬಿಡಲಿಕ್ಕೆ. ಅವುಗಳ ಸಂದಿ ನಮ್ಮ ಒಲೆಯ ಹೊಗೆಗೂಡಿನ ಹಾಗೆ ಕಟ್ಟಿಕೊಂಡಿತ್ತು. ಬಣ್ಣದ ಕುಂಚದಿಂದ ಗುಡಿಸಿ, ಮಗನ ಸೈಕಲ್ ಪಂಪಿನಿಂದ ಊದಿದೆ. ಯಂತ್ರ ಹಚ್ಚಿದ ಕೂಡಲೇ ಡಿಲೀಟ್ ಒತ್ತಿದರೆ ಬರುವ ಪುಟದಲ್ಲಿ ಒಳಗಿನ ಶಾಖ ಎಷ್ಟೆಂದು ಕಾಣುತ್ತದೆ. 74 ಡಿಗ್ರಿ ಇದ್ದದ್ದು 55ಕ್ಕೆ ಇಳಿಯಿತು. ಮನೆಯವರು ಮಾತಾಡದೆ ಕಾಫಿ ಮಾಡಿ ತಂದುಕೊಟ್ಟರು.

ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಶುರು. ನೋಟ್‌ಬುಕ್ಕಿನ ಇನ್ನೊಂದು ಪುಟಕ್ಕೆ ಗೆರೆ ಹಾಕಿದೆ. ನೆನಪಿನ ಪಟ್ಟಿ, ಅಂದರೆ ರ್‍ಯಾಮ್, ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ. ಕಿಲುಬು ಹಿಡಿದು ಸಂಪರ್ಕ ತಪ್ಪುವುದಕ್ಕೆ ಅದು ಒಳ್ಳೆಯ ಮದ್ದು; ನಮಗೆ ಫಲ ಕೊಡಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮನೆಯ ಪಟ್ಟಿ ಎರವಲು ತಂದು ಹಾಕಿದೆ, ಹಾಗೇ ನಿಂತಿತು. ಸಂಜೆ ಪಂಪ್‌ಸೆಟ್ಟುಗಳು ಶುರುವಾದಾಗ ವೋಲ್ಟೇಜು ಬೀಳುತ್ತದಲ್ಲ, ಅದಿರಬಹುದೆಂದು ಯುಪಿಎಸ್ ಬದಲಾಯಿಸಿದೆವು, ಅದೂ ಅಲ್ಲ. ಒಂದೊಂದಾಗಿ ಹೊಡೆದುಹಾಕುತ್ತಾ ಬಂದು ಕೊನೆಗೆ ಉಳಿದದ್ದು ಮದರ್‌ಬೋರ್ಡ್, ಎಲ್ಲವನ್ನೂ ಹೊತ್ತ ತಾಯಿಹಲಗೆ.

ಟಾರ್ಚು ಹಿಡಿದು ಅದನ್ನು ನೋಡುತ್ತಿದ್ದಾಗ ಪ್ರೊಸೆಸರಿನ ಪಕ್ಕ ಸಾಲಾಗಿ ನಿಂತ ಸಣ್ಣ ಡಬ್ಬಿಗಳು ಕಂಡವು. ಬೆರಳ ತುದಿಯಷ್ಟಿರುತ್ತವೆ, ನೆತ್ತಿಯ ಮೇಲೆ ಅಡ್ಡಗೀರು. ಕೆಲವುಗಳ ನೆತ್ತಿ ಚಪ್ಪಟೆ; ಐದರ ನೆತ್ತಿ ಉಬ್ಬಿದೆ, ಒಂದರಿಂದ ಕಂದು ರಸ ಒಸರಿ ಒಣಗಿದೆ. ಹಳೆಯ ಸಂತೆ ರಸ್ತೆಯಲ್ಲಿ ವಯಸ್ಸಾದ ರೇಡಿಯೋ ರಿಪೇರಿಯವರೊಬ್ಬರಿದ್ದರು. ಕಂಪ್ಯೂಟರ್ ನನಗೆ ಬರುವುದಿಲ್ಲ ಎನ್ನುತ್ತಲೇ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. “ಕಂಡೆನ್ಸರ್ ಊದ್ಕಂಡೈತಲ್ಲ ಟೀಚರಮ್ಮ! ಇದು ರೇಡಿಯೋದಾಗೂ ಇರೋದೇ.”

ಕಂಡೆನ್ಸರಿನ ಕೆಲಸ ತಿಳಿಯಬೇಕಾದರೆ ನಮ್ಮ ಮಾರಿಕಣಿವೆಯನ್ನು ನೆನೆದುಕೊಳ್ಳಿ. ವೇದಾವತಿಯ ನೀರು ಒಮ್ಮೆ ಹುಚ್ಚೆದ್ದು ಬರುತ್ತದೆ, ಒಮ್ಮೆ ಬತ್ತುತ್ತದೆ. ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಆಳುತ್ತಿದ್ದಾಗ, 1898ರಲ್ಲಿ, ಹಿರಿಯೂರು ಬಳಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಆ ನೀರನ್ನು ತಡೆದು, ಕಾಲುವೆಗೆ ಬೇಕಾದಷ್ಟೇ ಬಿಡುತ್ತದೆ. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ, 89 ವರ್ಷಕ್ಕೆ! ನಡುವಿನ ಬರಗಳಲ್ಲೂ ಹಿರಿಯೂರಿನ ತೋಟಗಳಿಗೆ ಅದೇ ಆಸರೆ. ಕಂಡೆನ್ಸರೂ ಹಾಗೆ. ಏರಿಳಿಯುವ ವಿದ್ಯುತ್ತನ್ನು ಹಿಡಿದಿಟ್ಟು ಪ್ರೊಸೆಸರಿಗೆ ಸಮವಾಗಿ ಹರಿಸುತ್ತದೆ. ಅದರ ಒಳಗಿನ ರಸ ಕೆಟ್ಟರೆ ಏರಿಯೊಡೆದ ಕೆರೆಯಂತೆ. ಒಂದು ಗಳಿಗೆ ವಿದ್ಯುತ್ತು ತಗ್ಗಿದರೂ ಪ್ರೊಸೆಸರ್ ಲೆಕ್ಕ ತಪ್ಪಿ ನಿಂತುಬಿಡುತ್ತದೆ.

ಇದು ನಮ್ಮ ಮನೆಯೊಂದರ ಕಥೆಯಾಗಿರಲಿಲ್ಲ. 2000ದಿಂದ ಆರೇಳು ವರ್ಷ, ಲೋಕದ ತುಂಬ ಇಂಥ ಕಂಡೆನ್ಸರುಗಳು ಹೀಗೆಯೇ ಉಬ್ಬಿ ಒಡೆದವು. ತೈವಾನಿನಲ್ಲಿ ತಯಾರಾದ ಅನೇಕ ಕಂಡೆನ್ಸರುಗಳ ಒಳಗಿನ ರಸದ ಪಾಕ ಸರಿಯಿರಲಿಲ್ಲ. ಅದರಿಂದ ಅನಿಲ ಹುಟ್ಟಿ ನೆತ್ತಿ ಉಬ್ಬುತ್ತಿತ್ತು. ಹೆಸರಾಂತ ಕಂಪನಿಗಳ ಯಂತ್ರಗಳೂ ಲಕ್ಷಗಟ್ಟಲೆ ಕೆಟ್ಟವು. ಶಾಖ ಹತ್ತು ಡಿಗ್ರಿ ಹೆಚ್ಚಾದರೆ ಕಂಡೆನ್ಸರಿನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಪಾಕ ಕೆಟ್ಟದ್ದು ಅಲ್ಲಿ; ದುರ್ಗದ ಬಿಸಿಲು, ಹೊಳಲ್ಕೆರೆಯ ಧೂಳು ಸೇರಿ ಅದನ್ನು ಬೇಗ ಮುಗಿಸಿದವು. ಎಷ್ಟು ಮನೆಗಳಲ್ಲಿ ಇದಕ್ಕೆ ವೈರಸ್ ಎಂದು ಹೆಸರಿಟ್ಟು ಒರೆಸಿ ಹಾಕಿದರೋ, ಎಷ್ಟು ಮಕ್ಕಳ ಫೋಟೋಗಳು ಹೋದವೋ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐದರ ಬದಲು ಎಂಟು ಕಂಡೆನ್ಸರು ತರಿಸಿದೆವು. ಎಲ್ಲ ಸೇರಿ ಐವತ್ತು ರೂಪಾಯಿಯೂ ಆಗಲಿಲ್ಲ. ರೇಡಿಯೋದವರು ಬೆಸುಗೆ ಹಾಕಿದರು. ಅವರ ಕೈ ನಡುಗುತ್ತಿತ್ತು. ಬೆಸುಗೆಯ ಕಡ್ಡಿ ಹಿಡಿದಾಗ ಮಾತ್ರ ನಡುಗಲಿಲ್ಲ. ಸಂಜೆ ಮನೆಯಲ್ಲಿ ಹಚ್ಚಿದೆ. ಹತ್ತು ನಿಮಿಷ, ಅರ್ಧ ಗಂಟೆ, ಎರಡು ಗಂಟೆ ಕಳೆದರೂ ನಿಲ್ಲಲಿಲ್ಲ. ಆ ರಾತ್ರಿಯೇ ನಲವತ್ತೆರಡು ಪದಗಳನ್ನೂ ಸೀಡಿಗೆ ಹಾಕಿ, ಕಾಗದದ ಮೇಲೂ ಅಚ್ಚು ತೆಗೆದೆ. ಆಮೇಲೆ ಆ ಯಂತ್ರ ಐದು ವರ್ಷ ದುಡಿಯಿತು.

ಈಗ ಮಗ ಕೊಡಿಸಿದ ಲ್ಯಾಪ್‌ಟಾಪಿದೆ. ಅದರಲ್ಲಿ ಆ ಹಳೆಯ ಕಡತ ತೆರೆದರೆ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗಿನ ನುಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿತ್ತು. ಈಗಿನದು ಯೂನಿಕೋಡ್, ಅದರಲ್ಲಿ ಕನ್ನಡಕ್ಕೆ ಸ್ವಂತ ಮನೆಯಿದೆ. ಬದಲಾಯಿಸುವ ತಂತ್ರಾಂಶ ಹಾಕಿ ಮಗ ಎಲ್ಲವನ್ನೂ ತಿರುಗಿಸಿಕೊಟ್ಟ. ಅರ್ಕಾವೊತ್ತುಗಳು ಅಲ್ಲಲ್ಲಿ ದಾರಿತಪ್ಪಿದ್ದವು, ತಿದ್ದಿದೆ. ತೇರುಮಲ್ಲೇಶ್ವರನ ಪದದಲ್ಲಿ ಮಾತ್ರ ಒಂದು ಶಬ್ದ ಅಡ್ಡಬಿತ್ತು. ಅಚ್ಚಿನ ಪ್ರತಿಯಲ್ಲಿ ಅದೇ ಜಾಗದ ಶಾಯಿ ಕಲೆಸಿದೆ. ಕೆಟ್ಟದ್ದು ಅಕ್ಷರವೋ, ಅಮ್ಮನ ಬಾಯಲ್ಲೇ ಹಾಗಿತ್ತೋ? ಹಿರಿಯೂರಿಗೆ ಫೋನು ಮಾಡಿ ಅಕ್ಕನನ್ನು ಕೇಳಿದೆ. “ಹಂಗೆ ಕೇಳಿದ್ರೆ ಬರಲ್ಲ ಕಣೇ, ತಡಿ” ಎಂದು ಮೊದಲಿನಿಂದ ಹಾಡಿಕೊಂಡು ಬಂದಳು. ಆ ಶಬ್ದಕ್ಕೆ ಬಂದಾಗ ನಿಲ್ಲದೆ ದಾಟಿ ಹೋದಳು. “ಇನ್ನೊಂದ್ಸಲ ಅಕ್ಕ” ಎಂದೆ. ಮತ್ತೆ ಹಾಡಿದಳು. ಪರದೆಯ ಮೇಲೆ ಎರಡು ಅಕ್ಷರ ಅಳಿಸಿ, ಅವಳು ಹಾಡಿದ ಹಾಗೆ ಹಾಕಿದೆ.